ಒಂದು ಅಂಗುಲದ ರಾಕ್ಷಸನೂ ನನ್ನ ಕೆಂಪು ಶಾಯಿಯೂ



ಕಳೆದ ತಿಂಗಳು ನನ್ನನ್ನು ಕಾಣಲು ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬರು ನನ್ನ ಮೇಜಿನತ್ತ ನೋಡಿ ಬೆರಗಾದರು. ಒಂದು ಕಾಲದಲ್ಲಿ ಉತ್ತರಪತ್ರಿಕೆಗಳ ಕಟ್ಟುಗಳನ್ನು ಹೊತ್ತು ನರಳುತ್ತಿದ್ದ ಆ ಮೇಜಿನ ಮೇಲೆ ಈಗ ಬಿರಡೆಗಳು ಸಾಲಾಗಿ ನಿಂತಿವೆ. ಒಂದೊಂದು ಬಿರಡೆಯ ನೆತ್ತಿಯ ಮೇಲೂ ಹೆಬ್ಬೆರಳಿನ ತುದಿಗೆಣ್ಣಿನಷ್ಟು ಎತ್ತರದ, ಹಸಿರು ಬಣ್ಣದ, ಮೂಗು ಸೊಟ್ಟಗಿರುವ ಒಬ್ಬೊಬ್ಬ ಕುಳ್ಳ ರಾಕ್ಷಸ. "ಮೊಮ್ಮಗನ ಆಟಿಕೆಗಳೇ ಸಾರ್?" ಎಂದು ಕೇಳಿದರು. "ಅಲ್ಲಪ್ಪ, ನನ್ನ ಹೋಂವರ್ಕು" ಎಂದೆ. ಅವರು ನಕ್ಕರು, ನಾನೂ ನಕ್ಕೆ. ಆದರೆ ಅವರು ಹೋದ ಮೇಲೆ, ಈ ವಿಷಯವನ್ನು ನಿಮ್ಮೆಲ್ಲರ ಮುಂದೆ ಸ್ವಲ್ಪ ವಿಸ್ತಾರವಾಗಿ ಇಡಬೇಕೆಂದು ತೋರಿತು. ಏಕೆಂದರೆ ಈ ಹೋಂವರ್ಕಿನಿಂದಾಗಿ, ಮೂವತ್ತಮೂರು ವರ್ಷ ಪಾಠ ಹೇಳಿದ ಮೇಲೆ, ಪಾಠ ಹೇಳುವ ಬಗೆಗಿನ ನನ್ನ ಒಂದು ಅಭಿಪ್ರಾಯವೇ ಬದಲಾಗಿದೆ. ಕಲಿಸುವವನು ತನಗೆ ಸುಲಭವಾಗಿ ಬಾರದ ಯಾವುದಾದರೊಂದು ವಿದ್ಯೆಗೆ ಸದಾ ಶಿಷ್ಯನಾಗಿರಬೇಕು. ಇಲ್ಲವಾದರೆ ಅವನು ತನ್ನ ಶಿಷ್ಯರನ್ನು ನೋಡುವ ಕಣ್ಣನ್ನು ಕ್ರಮೇಣ ಕಳೆದುಕೊಳ್ಳುತ್ತಾನೆ ಎಂಬುದೇ ಇಂದಿನ ನನ್ನ ಅಭಿಪ್ರಾಯ.

ಈ ಹವ್ಯಾಸ ನನಗೆ ಅಂಟಿದ್ದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ. ನನ್ನ ಮಗ ಅಲ್ಲಿ ಉದ್ಯೋಗದಲ್ಲಿದ್ದಾನೆ. 2022ರ ನವೆಂಬರಿನಲ್ಲಿ ನಾವು ದಂಪತಿಗಳು ಕೆಲವು ತಿಂಗಳಿದ್ದು ಬರಲೆಂದು ಹೋದೆವು. ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮುನ್ನವೇ ಸೂರ್ಯ ಮುಳುಗುತ್ತಾನೆ. ಹೊರಗೆ ಚಳಿ, ಒಳಗೆ ಮಾಡಲು ಕೆಲಸವಿಲ್ಲ. ಹದಿಮೂರು ವರ್ಷದ ಮೊಮ್ಮಗ ಮಾತ್ರ ಶಾಲೆಯಿಂದ ಬಂದೊಡನೆ ಮೇಜಿನ ದೀಪ ಹಚ್ಚಿಕೊಂಡು, ಒಂದು ಅಂಗುಲಕ್ಕಿಂತ ತುಸು ಎತ್ತರದ ಯೋಧರು, ಮಾಟಗಾರರು, ಗಾಬ್ಲಿನ್‌ಗಳೆಂಬ ಕುಳ್ಳ ರಾಕ್ಷಸರು ಇವರಿಗೆಲ್ಲ ಕೂದಲಿನಷ್ಟು ತೆಳುವಾದ ಕುಂಚದಿಂದ ಬಣ್ಣ ಹಚ್ಚುತ್ತ ಕೂರುತ್ತಿದ್ದ. ಅಜ್ಜನಾದವನು ಎಷ್ಟು ದಿನ ಸುಮ್ಮನೆ ನೋಡುತ್ತ ಕೂರಬಲ್ಲ?

ಈ ಗೊಂಬೆಗಳ ಹಿಂದೆ ಒಂದು ಇತಿಹಾಸವೇ ಇದೆ ಎಂಬುದು ಆಮೇಲೆ ತಿಳಿಯಿತು. ಆಟದ ಸೈನಿಕರನ್ನಿಟ್ಟು ಯುದ್ಧ ಹೂಡುವ ನಿಯಮಗಳ ಪುಸ್ತಕವೊಂದನ್ನು ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿಯೇ ಪ್ರಕಟಿಸಿದ್ದರು. 1954-55ರಲ್ಲಿ ಟಾಲ್ಕಿನ್ನರ ಬೃಹತ್ ಕಾದಂಬರಿ ಹೊರಬಂದು ಓದುಗರ ಕಲ್ಪನೆಯಲ್ಲಿ ಕುಳ್ಳರೂ ರಾಕ್ಷಸರೂ ನೆಲೆಯೂರಿದರು. 1974ರಲ್ಲಿ ಅಮೆರಿಕದಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಬಂದಿತು. ಮರುವರ್ಷವೇ ಸಿನ್ಸಿನಾಟಿ ನಗರದಲ್ಲಿ ಇಂತಹ ಗೊಂಬೆಗಳನ್ನು ತಯಾರಿಸುವ ಒಂದು ಸಂಸ್ಥೆ ಹುಟ್ಟಿತು. ಅದರ ಹೆಸರು 'ರಾಲ್ ಪಾರ್ಥಾ'! ನಮ್ಮ ಅರ್ಜುನನಿಗೂ ಆ ಹೆಸರಿಗೂ ಸಂಬಂಧವಿರಲಿ ಇಲ್ಲದಿರಲಿ, ಕೇಳಿದ ದಿನ ನನಗೆ ನಗು ತಡೆಯಲಾಗಲಿಲ್ಲ. ಇಂಗ್ಲೆಂಡಿನಲ್ಲಿ 1975ರಲ್ಲಿ ಗೇಮ್ಸ್ ವರ್ಕ್‌ಷಾಪ್, 1979ರಲ್ಲಿ ಸಿಟಾಡೆಲ್ ಮಿನಿಯೇಚರ್ಸ್, 1983ರಲ್ಲಿ 'ವಾರ್‌ಹ್ಯಾಮರ್' ಆಟ ಹೀಗೆ ಒಂದಾದ ಮೇಲೊಂದು ಬಂದವು. ಗೇಮ್ಸ್ ವರ್ಕ್‌ಷಾಪಿನ ಕೇಂದ್ರ ಕಚೇರಿ ಇರುವುದು ನಾಟಿಂಗ್‌ಹ್ಯಾಮಿನಲ್ಲಿಯೇ. ಗೊಂಬೆ ತಯಾರಕರು ಆ ಊರಿನ ಆಸುಪಾಸಿನಲ್ಲಿ ಎಷ್ಟು ಮಂದಿ ಇದ್ದಾರೆಂದರೆ, ಹವ್ಯಾಸಿಗಳು ಆ ಪ್ರದೇಶವನ್ನು ತಮಾಷೆಗೆ 'ಸೀಸದ ಪಟ್ಟಿ' ಎಂದು ಕರೆಯುತ್ತಾರೆ. ಹಳೆಯ ಗೊಂಬೆಗಳ ಲೋಹದಲ್ಲಿ ಸೀಸ ಬೆರೆತಿರುತ್ತಿತ್ತಲ್ಲ, ಅದಕ್ಕಾಗಿ.

ಸಾವಿರಾರು ಗೊಂಬೆಗಳಿಗೆ ಮೂಲವಾಗಿ ಒಂದೇ ಒಂದು ಗೊಂಬೆಯನ್ನು ಶಿಲ್ಪಿ ಕೈಯಿಂದ ಮಾಡುತ್ತಿದ್ದ. ಅದನ್ನು ರಬ್ಬರಿನ ಬಿಲ್ಲೆಗಳ ನಡುವೆ ಒತ್ತಿ, ಕಾಯಿಸಿ ಅಚ್ಚು ತೆಗೆಯುತ್ತಾರೆ. ಅಚ್ಚನ್ನು ಗಿರಗಿರನೆ ತಿರುಗಿಸುತ್ತ ಕರಗಿದ ಲೋಹವನ್ನು ಹೊಯ್ದರೆ, ಅದು ಹೊರಮುಖವಾಗಿ ನುಗ್ಗಿ ಬೆರಳ ತುದಿಯವರೆಗೂ ತುಂಬಿಕೊಳ್ಳುತ್ತದೆ. ಭೌತಶಾಸ್ತ್ರದ ಪಾಠದಲ್ಲಿ ನಾನು ಹೇಳುತ್ತಿದ್ದ ಬಕೆಟ್ಟಿನ ನೀರಿನ ಉದಾಹರಣೆಯನ್ನು ನೆನಪಿಸಿಕೊಳ್ಳಿ. ಈಗ ಬಹುಪಾಲು ಮೂಲಗೊಂಬೆಗಳನ್ನು ಗಣಕಯಂತ್ರದ ತೆರೆಯ ಮೇಲೆ ರೂಪಿಸುತ್ತಾರೆ. ರಾಳವನ್ನು ಪದರ ಪದರವಾಗಿ ಗಟ್ಟಿಗೊಳಿಸುವ ಮುದ್ರಣಯಂತ್ರಗಳು ಮನೆಮನೆಗೂ ಬಂದಿವೆ. ಆದರೂ ಕೈಯಿಂದಲೇ ಮಾಡುವವರು ಇನ್ನೂ ಇದ್ದಾರೆ. ಮೊಮ್ಮಗನೂ ಆ ದಾರಿ ಹಿಡಿದಿದ್ದ. ಒಂದು ಸಂಜೆ ನನ್ನ ಮುಂದೆಯೂ ಒಂದು ಬಿರಡೆ, ಒಂದು ತಂತಿ, ಎರಡು ಬಣ್ಣದ ಅಂಟುಹಿಟ್ಟನ್ನು ಇಟ್ಟು, "ನೀವೂ ಮಾಡಿ ಅಜ್ಜ" ಎಂದ.

ಆ ಹಿಟ್ಟಿನ ಒಂದು ಭಾಗ ನೀಲಿ, ಇನ್ನೊಂದು ಹಳದಿ. ಚೆನ್ನಾಗಿ ನಾದಿದರೆ ಹಸಿರು. ಅದರಿಂದಲೇ ಅದಕ್ಕೆ 'ಗ್ರೀನ್ ಸ್ಟಫ್' ಎಂಬ ಹೆಸರು. ನಮ್ಮಲ್ಲಿ ಸೋರುವ ನಲ್ಲಿಗೆ ಮೆತ್ತುವ ಎಂ-ಸೀಲ್ ಗೊತ್ತಲ್ಲ, ಅದೇ ಎಪಾಕ್ಸಿ ಕುಲದ, ಆದರೆ ನಯವಾದ, ನಿಧಾನವಾಗಿ ಗಟ್ಟಿಯಾಗುವ ಪದಾರ್ಥವಿದು. ಹಳದಿ ಹೆಚ್ಚಾದರೆ ಮೃದುವಾಗುತ್ತದೆ, ಅಂಟು ಜಾಸ್ತಿ. ನೀಲಿ ಹೆಚ್ಚಾದರೆ ಬಿಗಿಯಾಗುತ್ತದೆ, ಕತ್ತಿಯ ಅಂಚಿಗೆ ಅದೇ ಸರಿ. ಕಲಸಿದ ಮೇಲೆ ಸುಮಾರು ಒಂದೂವರೆ ಗಂಟೆಯ ಅವಕಾಶ, ಮರುದಿನಕ್ಕೆ ಕಲ್ಲು. ಶಾಖ ತಗುಲಿದರೆ ಬೇಗ ಗಟ್ಟಿಯಾಗುತ್ತದೆ, ಚಳಿಯಲ್ಲಿ ತಡ. ಉಪಕರಣಕ್ಕೆ ಹಿಟ್ಟು ಅಂಟದಂತೆ ಆಗಾಗ ನೀರು ಸವರಬೇಕು; ಕೆಲಸ ಮುಗಿದ ಮೇಲೆ ಕೈಗಳನ್ನು ಸಾಬೂನಿನಿಂದ ತಪ್ಪದೆ ತೊಳೆಯಬೇಕು, ಹಸಿ ಎಪಾಕ್ಸಿ ಚರ್ಮಕ್ಕೆ ಒಳ್ಳೆಯದಲ್ಲ. ಉಪಕರಣಗಳೆಂದರೆ ದಂತವೈದ್ಯರು ಬಳಸುವ ಕಡ್ಡಿಗಳು, ಸೂಜಿ, ಹಲ್ಲುಕಡ್ಡಿ, ಅಷ್ಟೇ.

ರಸಾಯನಶಾಸ್ತ್ರ ನನಗೆ ಬರುತ್ತಿತ್ತು. ಅಳತೆಯೂ ಬರುತ್ತಿತ್ತು. ಪಾದದಿಂದ ಕಣ್ಣಿನವರೆಗೆ 28 ಮಿಲಿಮೀಟರ್, ನೆತ್ತಿಯವರೆಗೆ ಸುಮಾರು 30. ಮನುಷ್ಯನ ಎತ್ತರ ಅವನ ತಲೆಯ ಏಳೂವರೆ ಪಟ್ಟು ಎಂದರೆ ತಲೆ 4 ಮಿಲಿಮೀಟರ್. ಗಣಿತದ ಮೇಷ್ಟರಿಗೆ ಇದೇನು ಮಹಾ! ಜಂಭದಿಂದ ತಂತಿ ಬಗ್ಗಿಸಿದೆ, ಹಿಟ್ಟು ಮೆತ್ತಿದೆ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರಂತೆ ಎಂಬ ಗಾದೆಯಿದೆ. ನನ್ನ ಕೈಯಲ್ಲಿ ಅವರಪ್ಪನೂ ಆಗಲಿಲ್ಲ. ಹಲ್ಲಿ ಕಚ್ಚಿ ಬಿಟ್ಟ ಬಟಾಣಿಯಂತಹ ಒಂದು ವಸ್ತುವಾಯಿತು. ಮೂಗನ್ನು ಸರಿಪಡಿಸಲು ಹೋದರೆ ಕಿವಿ ಚಪ್ಪಟೆಯಾಗುತ್ತಿತ್ತು. ಮುಖ ತಿದ್ದುವಾಗ ಬೆನ್ನಿನ ಮೇಲೆ ನನ್ನ ಹೆಬ್ಬೆರಳಿನ ಗುರುತು ಮೂಡಿ, ಮಾಡಿದ್ದೆಲ್ಲ ಅಳಿಸಿಹೋಗುತ್ತಿತ್ತು. ಒಂದು, ಎರಡು, ಐದು, ಒಂಬತ್ತು ಗೊಂಬೆಗಳು ಹೀಗೆಯೇ ಕೆಟ್ಟವು.

ನನ್ನ ತಪ್ಪು ಎಲ್ಲಿತ್ತೆಂಬುದು ತಿಳಿಯಲು ಮೂರು ವಾರ ಹಿಡಿಯಿತು. ನಾನು ಮೊದಲ ದಿನವೇ ಕಣ್ಣು ಮೂಗು ಮಾಡಲು ಹೊರಟಿದ್ದೆ. ಬಲ್ಲವರು ಹಾಗೆ ಮಾಡುವುದಿಲ್ಲ. ಮೊದಲು ತಂತಿಯ ಅಸ್ಥಿಪಂಜರದಲ್ಲಿಯೇ ಗೊಂಬೆ ಓಡುತ್ತಿದೆಯೋ ನಿಂತಿದೆಯೋ ತಿಳಿಯಬೇಕು. ಅದರ ಮೇಲೆ ತೆಳುವಾಗಿ ಹಿಟ್ಟು ಸವರಿ ಗಟ್ಟಿಯಾಗಲು ಬಿಡುತ್ತಾರೆ, ಮುಂದಿನ ಪದರಕ್ಕೆ ಹಿಡಿತ ಸಿಗಲೆಂದು. ಆಮೇಲೆ ಎದೆ, ಸೊಂಟ, ತೊಡೆಗಳ ಗಾತ್ರ. ಮತ್ತೆ ಒಂದು ದಿನ ಕಾಯಬೇಕು. ಅನಂತರ ಬಟ್ಟೆ, ಮತ್ತೆ ಕಾಯಬೇಕು. ಮುಖದ ಸಣ್ಣ ಗೆರೆಗಳಿಗಂತೂ ಕಲಸಿದ ಹಿಟ್ಟು ಅರ್ಧ ಗಂಟೆಯಾದರೂ ಕುಳಿತು ತುಸು ಬಿಗಿದುಕೊಳ್ಳಬೇಕು. ಹಸಿಹಿಟ್ಟಿನಲ್ಲಿ ಗೆರೆ ಎಳೆದರೆ ನಿಲ್ಲುವುದಿಲ್ಲ.

ಇದು ತಿಳಿದ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಬಿ.ಎಡ್. ಓದುವಾಗ ಬೋಧನೆಯ ಸೂತ್ರಗಳನ್ನು ಬಾಯಿಪಾಠ ಮಾಡಿಸಿದ್ದರು: ಸರಳದಿಂದ ಕ್ಲಿಷ್ಟಕ್ಕೆ, ಮೂರ್ತದಿಂದ ಅಮೂರ್ತಕ್ಕೆ, ಪೂರ್ಣದಿಂದ ಅಂಶಕ್ಕೆ. ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕಗಳನ್ನೂ ಪಡೆದಿದ್ದೆ. ಆದರೆ 'ಪೂರ್ಣದಿಂದ ಅಂಶಕ್ಕೆ' ಎಂಬುದರ ಅರ್ಥ ನನ್ನ ಬೆರಳಿಗೆ ತಿಳಿದದ್ದು ಒಂದು ಗಾಬ್ಲಿನ್ನಿನ ಮೂಗಿನಿಂದ! ತರಗತಿಯಲ್ಲಿ ನಾನು ಎಷ್ಟು ಸಲ ಅಸ್ಥಿಪಂಜರವಿಲ್ಲದೆ ಮೂಗು ಕೆತ್ತಲು ಹೊರಟಿದ್ದೆನೋ! ಪ್ರಮೇಯ ಏನನ್ನು ಹೇಳುತ್ತಿದೆ ಎಂಬುದು ಮಕ್ಕಳ ಮನಸ್ಸಿನಲ್ಲಿ ನಿಲ್ಲುವ ಮೊದಲೇ ಸಾಧನೆಯ ನಾಲ್ಕನೆಯ ಹಂತದ ಕಾರಣವನ್ನು ಕೇಳಿ, ಹೇಳದವರನ್ನು ನಿಲ್ಲಿಸಿದ್ದೆ. ಹಿಟ್ಟು ಬಿಗಿಯುವವರೆಗೆ ಕಾಯದೆ ಗೆರೆ ಎಳೆದಿದ್ದೆ.

ಆದರೆ ನಿದ್ರೆ ಕೆಡಿಸಿದ್ದು ಅದಲ್ಲ. ಆ ದಿನ ಸಂಜೆ ನನ್ನ ಒಂಬತ್ತನೆಯ ಗೊಂಬೆಯನ್ನು ನೋಡಿದ ಮೊಮ್ಮಗ, ಯಾವ ಕೆಡುಕೂ ಇಲ್ಲದ ದನಿಯಲ್ಲಿ, "ಅಜ್ಜ, ಇನ್ನೂ ಸ್ವಲ್ಪ ಪ್ರಯತ್ನಪಡಬೇಕು ನೀವು" ಎಂದಿದ್ದ. ನಾನು ಆ ಗೊಂಬೆಗೆ ನಾಲ್ಕು ಸಂಜೆಗಳನ್ನು ಕೊಟ್ಟಿದ್ದೆ. ತಿದ್ದಿ ತಿದ್ದಿ, ಮುಖವಿರಬೇಕಾದೆಡೆ ಒಂದು ಗುಳಿ ಬಿದ್ದಿತ್ತು. ಆ ಗುಳಿಯೇ ನನ್ನ ಪ್ರಯತ್ನ ಎಂದು ಅವನಿಗೆ ಹೇಳಬೇಕೆನಿಸಿತು, ಹೇಳಲಾಗಲಿಲ್ಲ.

ಆಗ ನೆನಪಾದದ್ದು 1991ರ ಒಂದು ಬೆಳಗ್ಗೆ. ಒಂಬತ್ತನೆಯ ತರಗತಿ, ಚತುರ್ಭುಜ ರಚನೆಯ ಪಾಠ. ಕಡೆಯ ಬೆಂಚಿನ ಹುಡುಗನೊಬ್ಬ ತನ್ನ ನೋಟುಪುಸ್ತಕವನ್ನು ತಂದು ನನ್ನ ಮುಂದೆ ಹಿಡಿದ. ಅಳಿಸಿ ಅಳಿಸಿ ಹಾಳೆ ತೂತಾಗಿತ್ತು. ನಾನು ಅದನ್ನು ಎತ್ತಿ ಹಿಡಿದು, "ನೋಡಿ, ರಚನೆ ಮಾಡಪ್ಪಾ ಎಂದರೆ ಕಿಟಕಿ ಇಡಿಸಿಕೊಂಡು ಬಂದಿದ್ದಾನೆ" ಎಂದೆ. ತರಗತಿಯೆಲ್ಲ ನಕ್ಕಿತು. ಅವನೂ ನಕ್ಕ, ಅವನು ನಕ್ಕದ್ದರಿಂದ ಅವನಿಗೆ ನೋವಾಗಿಲ್ಲವೆಂದು ತಿಳಿದೆ. ತೂತಿನ ಪಕ್ಕದಲ್ಲಿ ಕೆಂಪು ಶಾಯಿಯಿಂದ 'ಪ್ರಯತ್ನ ಸಾಲದು' ಎಂದು ಬರೆದು ಸಹಿ ಹಾಕಿದೆ. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಮನೆಯ ಕಷ್ಟವಿದ್ದಿರಬಹುದು, ಬೇರೆ ಊರಿಗೆ ಹೋಗಿದ್ದಿರಬಹುದು. ನಾನು ವಿಚಾರಿಸಲಿಲ್ಲ. ನನ್ನ ಕಿಟಕಿಯ ಮಾತೇ ಅದಕ್ಕೆ ಕಾರಣ ಎಂದು ಹೇಳಿಕೊಳ್ಳುವುದು ನನ್ನನ್ನು ನಾನೇ ದೊಡ್ಡವನನ್ನಾಗಿ ಮಾಡಿಕೊಂಡಂತೆ. ಆದರೆ ಇಷ್ಟು ಮಾತ್ರ ಸತ್ಯ: ಹಾಳೆ ತೂತಾಗುವಷ್ಟು ಬಾರಿ ಅಳಿಸಿ ಬರೆದವನಿಗೆ ಪ್ರಯತ್ನ ಸಾಲದೆಂದು ನಾನು ಲಿಖಿತವಾಗಿ ತಿಳಿಸಿದ್ದೆ. ಅವನಿಗೆ ಸಾಲದೆ ಇದ್ದದ್ದು ಪ್ರಯತ್ನವಲ್ಲ, ಕ್ರಮ. ಮೊದಲು ಯಾವ ಭುಜ, ಆಮೇಲೆ ಯಾವ ಕೋನ ಎಂಬುದನ್ನು ಪಕ್ಕದಲ್ಲಿ ಕುಳಿತು ತೋರಿಸುವವರು ಬೇಕಾಗಿತ್ತು. ಆ ಕೆಲಸಕ್ಕೆ ಸರ್ಕಾರ ಸಂಬಳ ಕೊಟ್ಟು ನೇಮಿಸಿದ್ದು ನನ್ನನ್ನೇ.

ನನಗೆ ಇದು ಏಕೆ ಆಗ ಹೊಳೆಯಲಿಲ್ಲ? ನಾನು ಕ್ರೂರಿಯಾಗಿರಲಿಲ್ಲ, ನಿಮ್ಮಲ್ಲಿ ಹಲವರು ಅದಕ್ಕೆ ಸಾಕ್ಷಿ ಹೇಳುವಿರೆಂದು ನಂಬಿದ್ದೇನೆ. ಕಾರಣ ಬೇರೆ. ಚತುರ್ಭುಜ ಬಾರದೆ ಇದ್ದ ಕಾಲ ನನ್ನ ನೆನಪಿನಿಂದ ಸಂಪೂರ್ಣವಾಗಿ ಅಳಿಸಿಹೋಗಿತ್ತು. ಒಂದು ವಿದ್ಯೆ ಕೈಗೆ ಹತ್ತಿದ ಮೇಲೆ, ಅದು ಹತ್ತದವನ ಸ್ಥಿತಿ ನಮಗೆ ಸೋಮಾರಿತನದಂತೆ ಕಾಣುತ್ತದೆ. ವರ್ಷ ವರ್ಷವೂ ಅದೇ ಪಾಠ ಹೇಳುವ ನಮ್ಮಂತಹವರಿಗೆ ಈ ಮರೆವು ಒಂದು ವೃತ್ತಿರೋಗ. ಇದಕ್ಕೆ ಉಪನ್ಯಾಸಗಳಲ್ಲಿ ಮದ್ದಿಲ್ಲ. ಮದ್ದು ಒಂದೇ, ಮತ್ತೊಮ್ಮೆ ಏನೂ ಬಾರದವನಾಗುವುದು.

ಈ ವಿಷಯದಲ್ಲಿ ನನಗೆ ಧೈರ್ಯ ಕೊಟ್ಟವರು ಒಬ್ಬ ಶಿಲ್ಪಿ. ಈ ಕಲೆಯಲ್ಲಿ ಹೆಸರುವಾಸಿಯಾದ ಪೆರಿ ಅವಳಿ ಸಹೋದರರಿದ್ದಾರೆ, ಆಲನ್ ಮತ್ತು ಮೈಕೆಲ್. 1996ರಲ್ಲಿ ಫ್ರಾನ್ಸಿನ ಕ್ರೆಸಿಯಲ್ಲಿ ಹಳೆಯ ಕಾಲದ ಯುದ್ಧವೊಂದರ ಪ್ರದರ್ಶನ ನಡೆಯುತ್ತಿದ್ದಾಗ ಫಿರಂಗಿ ಸಿಡಿದು ಮೈಕೆಲ್ ತಮ್ಮ ಬಲಗೈಯನ್ನು ಕಳೆದುಕೊಂಡರು. ಕೆಲಸ ಮಾಡುತ್ತಿದ್ದ ಕೈ ಅದೇ. ಅವರು ಎಡಗೈಯಿಂದ ಮತ್ತೆ ಕಲಿತರು. ಇಂದಿಗೂ ಗೊಂಬೆ ಮಾಡುತ್ತಿದ್ದಾರೆ. ಒಬ್ಬ ನಿಪುಣ ತನ್ನದೇ ವಿದ್ಯೆಯಲ್ಲಿ ಮತ್ತೆ ಒಂದನೆಯ ತರಗತಿಗೆ ಹೋಗಿ ಕುಳಿತ ಕಥೆ ಇದು. ಏನು ಮಾಡಬೇಕೆಂಬುದು ತಲೆಗೆ ಪೂರ್ತಿ ಗೊತ್ತು, ಕೈ ಮಾತ್ರ ಕೇಳದು. ಆ ದಿನಗಳು ಹೇಗಿದ್ದಿರಬೇಕು! ಅವರ ಮುಂದೆ ನನ್ನ ನಡುಗುವ ಬೆರಳು, ದಪ್ಪ ಕನ್ನಡಕ ಯಾವ ಲೆಕ್ಕ? ಮೊಣಕೈಗಳೆರಡನ್ನೂ ಮೇಜಿಗೆ ಊರಿಕೊಂಡರೆ ನಡುಕ ಅರ್ಧ ಕಡಿಮೆಯಾಗುತ್ತದೆಂದು ಕಂಡುಕೊಂಡಿದ್ದೇನೆ. ಉಳಿದರ್ಧವನ್ನು ಗಾಬ್ಲಿನ್ನಿನ ಗಡ್ಡಕ್ಕೆ ಬಳಸಿಕೊಳ್ಳುತ್ತೇನೆ!

ಬಂಧುಗಳಲ್ಲಿ ಕೆಲವರ ಆಕ್ಷೇಪವೂ ಉಂಟು. "ಈ ವಯಸ್ಸಿನಲ್ಲಿ ದೇವರ ಮೂರ್ತಿಯನ್ನಾದರೂ ಮಾಡಬಾರದೆ? ಆ ಪರದೇಶದ ಪಿಶಾಚಿಗಳು ಏಕೆ?" ಎನ್ನುತ್ತಾರೆ. ದೇವರ ಮೂರ್ತಿಗೆ ಶಾಸ್ತ್ರವಿದೆ, ಅಳತೆಯಿದೆ. ನನ್ನಂತಹ ಅಡ್ಡಕಸುಬಿ ಅದಕ್ಕೆ ಕೈ ಹಾಕಬಾರದು. ಸಾಗರದ ಗುಡಿಗಾರರು ಗಂಧದ ಕೊರಡಿನಲ್ಲಿ ಎಲೆಯ ನರವನ್ನೂ ತೆಗೆಯುವುದನ್ನು ಬಾಲ್ಯದಲ್ಲಿ ಕಂಡವನು ನಾನು. ಆ ಗೌರವ ನನಗಿದೆ. ಇನ್ನು ವಿಚಿತ್ರ ಪ್ರಾಣಿಗಳು ಪರದೇಶದವೆಂಬ ಮಾತನ್ನು ನಾನು ಒಪ್ಪಲಾರೆ. ಬಳ್ಳಿಗಾವೆಯಲ್ಲಿ ಮನುಷ್ಯನ ದೇಹಕ್ಕೆ ಎರಡು ಹಕ್ಕಿಯ ತಲೆಗಳನ್ನಿಟ್ಟ ಗಂಡಭೇರುಂಡನಿದ್ದಾನೆ. ಹಳೇಬೀಡಿನ ಗೋಡೆಯ ಪಟ್ಟಿಯಲ್ಲಿ ಆನೆಯ ಸೊಂಡಿಲೂ ನವಿಲಿನ ಬಾಲವೂ ಉಳ್ಳ ಮಕರಗಳು ಸಾಲುಗಟ್ಟಿವೆ. ಆ ಶಿಲ್ಪಿಗಳು ಗಾಬ್ಲಿನ್ನನ್ನು ಕಂಡಿದ್ದರೆ, "ಇವನಿಗೆ ಸೊಂಡಿಲೊಂದು ಕಡಿಮೆಯಾಯಿತಲ್ಲ" ಎಂದಿರುತ್ತಿದ್ದರು.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ನಿವೃತ್ತ ಸಹೋದ್ಯೋಗಿಯೊಬ್ಬರು, "ಉಪಾಧ್ಯಾಯನಿಗೆ ತನ್ನ ವಿಷಯ ಬಂದರೆ ಸಾಕು. ನೀವು ಗೊಂಬೆ ಮಾಡಿ ಸೋತರೆ ಮಕ್ಕಳಿಗೆ ಬೀಜಗಣಿತ ಬರುತ್ತದೆಯೇ? ನಾವು ಗದರಿಸಿದ್ದರಿಂದಲೇ ಎಷ್ಟೋ ಮಂದಿ ಮುಂದೆ ಬಂದರು" ಎಂದರು. ವಿಷಯಜ್ಞಾನವಿಲ್ಲದ ಸಹಾನುಭೂತಿಯಿಂದ ಯಾರಿಗೂ ಬೀಜಗಣಿತ ಬಾರದು, ಒಪ್ಪುತ್ತೇನೆ. ಮೊಮ್ಮಗ ನನ್ನನ್ನು ಮುದ್ದುಮಾಡಿದ್ದರೆ ನನ್ನ ಹತ್ತನೆಯ ಗೊಂಬೆಯೂ ಬಟಾಣಿಯಾಗಿಯೇ ಉಳಿಯುತ್ತಿತ್ತು. ಆದರೆ ಗದರಿಕೆಯಿಂದ ಮುಂದೆ ಬಂದವರು ನಮ್ಮನ್ನು ಕಾಣಲು ಬರುತ್ತಾರೆ, ಹಣ್ಣು ತರುತ್ತಾರೆ, ಕಾಲಿಗೆರಗುತ್ತಾರೆ. ಹಿಂದೆ ಸರಿದವರು ಬರುವುದಿಲ್ಲ. ಬಂದವರನ್ನಷ್ಟೇ ಎಣಿಸಿ ಲೆಕ್ಕ ಮುಗಿಸುವುದು ಗಣಿತದ ಮೇಷ್ಟರಿಗೆ ಶೋಭೆಯಲ್ಲ.

ಆದುದರಿಂದ ನನ್ನ ಸಲಹೆ ಇಷ್ಟು. ನಿಮ್ಮಲ್ಲಿ ಈಗ ಉಪಾಧ್ಯಾಯರಾಗಿರುವವರು ಹಲವರಿದ್ದೀರಿ. ಕೆಲವು ವರ್ಷಗಳಿಗೊಮ್ಮೆ, ನಿಮಗೆ ಒಲಿಯುವ ಸೂಚನೆಯೇ ಇಲ್ಲದ ಒಂದು ವಿದ್ಯೆಯನ್ನು ಹಿಡಿಯಿರಿ. ಈಜು, ಮೃದಂಗ, ಮಗ್ಗ, ಏನಾದರೂ ಆಗಲಿ. ನಿಮಗಿಂತ ಚಿಕ್ಕವರ ಬಳಿ ಕಲಿಯಿರಿ. ಅವರು ನಿಮ್ಮ ತಪ್ಪನ್ನು ಎತ್ತಿ ಹೇಳಲಿ. ಶಿಕ್ಷಕರ ತರಬೇತಿ ಶಿಬಿರಗಳನ್ನು ನಡೆಸುವವರಿಗೂ ಒಂದು ಮಾತು: ಮೂರು ದಿನಗಳ ಉಪನ್ಯಾಸದಲ್ಲಿ ಒಂದು ಮಧ್ಯಾಹ್ನವನ್ನಾದರೂ ಬಿಟ್ಟುಕೊಟ್ಟು, ಪ್ರತಿಯೊಬ್ಬ ಉಪಾಧ್ಯಾಯನ ಕೈಗೂ ಒಂದು ಮುದ್ದೆ ಜೇಡಿಮಣ್ಣು ಕೊಡಿ. ಒಂದು ಕುದುರೆ ಮಾಡಲು ಹೇಳಿ. ಆಮೇಲೆ ಎಲ್ಲರ ಎದುರಿಗೆ ಅಂಕ ಹಾಕಿ. ಸಂಜೆ ಮನೆಗೆ ಹೋಗುವಾಗ ಅವರ ಮನಸ್ಸಿನಲ್ಲಿರುವುದು ಏನೋ, ಅದೇ ಆ ದಿನದ ತರಬೇತಿ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ಎಷ್ಟು ಸಲ ನಿಮಗೆ ಹೇಳಿದ್ದೆನೋ! ಮರ ಬಗ್ಗುತ್ತದೆ, ಸ್ವಲ್ಪ ಸದ್ದು ಮಾಡುತ್ತದೆ, ಅಷ್ಟೆ. ಇಲ್ಲಿಯವರೆಗೆ ಮೂವತ್ತೊಂದು ಗೊಂಬೆಗಳಾಗಿವೆ. ಇಪ್ಪತ್ತನಾಲ್ಕನೆಯದು ಮೊದಲ ಬಾರಿಗೆ ಯಾರನ್ನೋ ನೋಡುತ್ತಿರುವಂತೆ ಕಂಡಿತು. ಅದರ ಚಿತ್ರವನ್ನು ಮೊಮ್ಮಗನಿಗೆ ಕಳಿಸಿದೆ. "ಎಡಗೈ ಉದ್ದವಾಯಿತು, ಆದರೆ ಮುಖ ಚೆನ್ನಾಗಿದೆ" ಎಂದು ಉತ್ತರ ಬಂದಿತು. ಅದಕ್ಕಿಂತ ಒಳ್ಳೆಯ ಮೌಲ್ಯಮಾಪನವನ್ನು ನನ್ನ ಸೇವಾವಧಿಯಲ್ಲಿ ನಾನು ಮಾಡಿದ ನೆನಪಿಲ್ಲ. ಮುಖವಿಲ್ಲದ ಒಂಬತ್ತನೆಯದನ್ನು ಮಾತ್ರ ಎಸೆದಿಲ್ಲ. ಅದು ಮೇಜಿನ ಮೇಲೆ, ಪೆನ್ನುಗಳ ಪಕ್ಕದಲ್ಲಿ ನಿಂತಿದೆ.

ಕೊನೆಯದಾಗಿ ಒಂದು ಬಿನ್ನಹ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರ ಬಳಿಯಾದರೂ ಆ ಕಾಲದ ನೋಟುಪುಸ್ತಕ ಉಳಿದಿದ್ದು, ಅದರಲ್ಲಿ ನನ್ನ ಅಕ್ಷರದಲ್ಲಿ 'ಪ್ರಯತ್ನ ಸಾಲದು' ಎಂದು ಇದ್ದರೆ, ದಯವಿಟ್ಟು ಅದರ ಮೇಲೊಂದು ಗೆರೆ ಎಳೆಯಿರಿ. ಕೆಂಪು ಶಾಯಿಯಿಂದಲೇ ಎಳೆಯಿರಿ. ಕಿಟಕಿಯಿದ್ದ ಆ ಹಾಳೆಯ ಒಡೆಯ ಎಲ್ಲಿದ್ದಾನೋ ನಾನರಿಯೆ. ಅವನ ಗೆಳೆಯರಾರಾದರೂ ಇದನ್ನು ಓದಿದರೆ, ಮೇಷ್ಟರು ಈಗ ಕಡೆಯ ಬೆಂಚಿನಲ್ಲಿದ್ದಾರೆಂದು ಅವನಿಗೆ ತಿಳಿಸಿರಿ.